ಸೂಪರ್‌ಹೀರೋ ಸಿನಿಮಾ ಸರಣಿ ಕಟ್ಟುವುದು ಹೇಗೆ: ಮೊದಲು ರೈಟ್ಸ್, ಆಮೇಲೆ ಕಥೆ

ಚಿತ್ರಕಥೆಗೆ ಕೈಹಾಕುವ ಮುನ್ನ ಪಾತ್ರ ಯಾರ ಸ್ವತ್ತು ಎಂದು ಕಾಗದಪತ್ರ ತೆಗೆಸಿ ನೋಡಿ. ಒಂದೇ ಪಾತ್ರದ ಕಾಮಿಕ್ಸ್, ಸಿನಿಮಾ, ಟಿವಿ, ವಿತರಣೆ, ಆಟಿಕೆಗಳ ಹಕ್ಕುಗಳು ಬೇರೆಬೇರೆಯವರ ಕೈಯಲ್ಲಿರಬಹುದು. 1996ರಲ್ಲಿ ದಿವಾಳಿ ಅರ್ಜಿ ಹಾಕಿದ ಕಾಮಿಕ್ಸ್ ಕಂಪನಿ ಮಾರ್ವೆಲ್, ಆ ದಶಕದಲ್ಲಿ ಎಕ್ಸ್-ಮೆನ್ ಸಿನಿಮಾ ಹಕ್ಕನ್ನು ಫಾಕ್ಸ್‌ಗೂ ಸ್ಪೈಡರ್‌ಮ್ಯಾನ್‌ನದನ್ನು ಸೋನಿಗೂ ಕೊಟ್ಟಿತ್ತು. ಎಕ್ಸ್-ಮೆನ್ ಮರಳಿ ಒಂದೇ ಸೂರಿನಡಿ ಬರಲು 2019ರಲ್ಲಿ ಮಾರ್ವೆಲ್‌ನ ಈಗಿನ ಒಡೆಯ ಡಿಸ್ನಿ ಫಾಕ್ಸ್‌ ಸ್ಟುಡಿಯೋವನ್ನೇ ಕೊಳ್ಳಬೇಕಾಯಿತು. ಸ್ಪೈಡರ್‌ಮ್ಯಾನ್ ಸಿನಿಮಾ ಹಕ್ಕು ಈಗಲೂ ಸೋನಿಯದೇ. 2011ರಲ್ಲಿ ಅದು ಬಿಟ್ಟುಕೊಟ್ಟದ್ದು ಆಟಿಕೆ, ಬಟ್ಟೆಗಳ ವ್ಯಾಪಾರದ ಪಾಲನ್ನು ಮಾತ್ರ.

ಒಪ್ಪಂದದಲ್ಲಿ ಎರಡು ಕಲಮುಗಳನ್ನು ಹುಡುಕಿ. ಮೊದಲನೆಯದು ಗಡುವು: ಇಂತಿಷ್ಟು ವರ್ಷದೊಳಗೆ ಚಿತ್ರೀಕರಣ ಶುರುವಾಗದಿದ್ದರೆ ಹಕ್ಕು ಮೂಲ ಒಡೆಯನಿಗೆ ಹಿಂದಿರುಗುತ್ತದೆ. ಗಡುವು ಹತ್ತಿರವಾದಾಗ ಅವಸರದಲ್ಲಿ ಸಿನಿಮಾ ಹೊರಡುವುದು ಇದರಿಂದಲೇ, ಅವಸರ ಪರದೆಯ ಮೇಲೆ ಕಂಡೇ ಕಾಣುತ್ತದೆ. ಎರಡನೆಯದು, ಸೃಷ್ಟಿಕರ್ತರು ಸಂಬಳಕ್ಕೆ ಬರೆದರೋ, ಸ್ವತಂತ್ರವಾಗಿ ಬರೆದು ಮಾರಿದರೋ ಎಂಬುದು. ಅಮೆರಿಕದ ಕಾನೂನಿನಲ್ಲಿ ಮಾರಿದವರು ಅಥವಾ ವಾರಸುದಾರರು ಹಕ್ಕನ್ನು ಹಿಂದಕ್ಕೆ ಕೇಳಬಹುದು. 1978ರ ನಂತರದ ವರ್ಗಾವಣೆಯಾದರೆ ಸಾಮಾನ್ಯವಾಗಿ 35 ವರ್ಷ ಕಳೆದ ಮೇಲೆ, ಹಳೆಯವಾದರೆ 56 ವರ್ಷ ಕಳೆದ ಮೇಲೆ. ಸಂಬಳದ ಕೆಲಸಕ್ಕೆ ಈ ಅವಕಾಶವಿಲ್ಲ. 1938ರಲ್ಲಿ 130 ಡಾಲರಿಗೆ ಮಾರಾಟವಾದ ಸೂಪರ್‌ಮ್ಯಾನ್‌ಗಾಗಿ ವಾರಸುದಾರರು ವರ್ಷಗಟ್ಟಲೆ ಕೋರ್ಟು ಹತ್ತಿದರು. ಅವರ ನೋವು ನ್ಯಾಯವಾದದ್ದು.

ಮೊದಲ ಸಿನಿಮಾ ತನ್ನಷ್ಟಕ್ಕೆ ಪೂರ್ತಿಯಾಗಿರಲಿ. ಮುಂದಿನ ಕಂತಿನ ಸುಳಿವು ಕೊನೆಯ ಒಂದು ನಿಮಿಷಕ್ಕೆ ಸಾಕು. 2008ರ 'ಐರನ್ ಮ್ಯಾನ್' ಹೀಗೇ ಮಾಡಿತು, ಅದೂ ಸೇರಿ ಐದು ಸಿನಿಮಾಗಳ ಬಳಿಕ 2012ರ 'ದಿ ಅವೆಂಜರ್ಸ್'ನಲ್ಲಿ ನಾಯಕರು ಒಟ್ಟುಗೂಡಿದರು. 2017ರ 'ಜಸ್ಟಿಸ್ ಲೀಗ್' ಪ್ರತ್ಯೇಕ ಸಿನಿಮಾ ಇಲ್ಲದ ಮೂವರು ನಾಯಕರನ್ನು ಎರಡೇ ಗಂಟೆಯಲ್ಲಿ ಪರಿಚಯಿಸಿ, ಖಳನನ್ನೂ ಸೋಲಿಸಬೇಕಿತ್ತು. ಯಾರ ಮೇಲೂ ಪ್ರೀತಿ ಹುಟ್ಟಲು ಪುರುಸೊತ್ತೇ ಇರಲಿಲ್ಲ.

ನಟರ ಅಗ್ರಿಮೆಂಟನ್ನು ಮೊದಲ ಸಿನಿಮಾಕ್ಕೇ ಮುಗಿಸಬೇಡಿ. ಆರು ಅಥವಾ ಒಂಬತ್ತು ಸಿನಿಮಾಗಳ ಆಯ್ಕೆ ಸ್ಟುಡಿಯೋ ಕೈಯಲ್ಲಿರಲಿ, ಸಂಭಾವನೆ ಮೆಟ್ಟಿಲುಮೆಟ್ಟಿಲಾಗಿ ಏರಲಿ. ಗೆದ್ದ ಮೇಲೆ ಮಾತಿಗೆ ಕೂತರೆ ನಟ ಕೇಳಿದ್ದೇ ಬೆಲೆ.

ಇನ್ನು ಲೆಕ್ಕ. ಟಿಕೆಟ್ ಹಣದಲ್ಲಿ ಸ್ಟುಡಿಯೋಗೆ ಬರುವುದು ಸರಾಸರಿ ಅರ್ಧದಷ್ಟು. ಚೀನಾದಲ್ಲಿ ವಿದೇಶಿ ಸಿನಿಮಾಕ್ಕೆ ಕಾಲುಭಾಗ. ಅದರ ಮೇಲೆ ಪ್ರಚಾರದ ಖರ್ಚು. ಆದ್ದರಿಂದ ನಿರ್ಮಾಣ ವೆಚ್ಚದ ಎರಡೂವರೆ ಪಟ್ಟು ಗಳಿಸಿದರಷ್ಟೇ ಅಸಲು ಎಂಬ ರೂಢಿಯ ಅಂದಾಜಿದೆ. ಆಟಿಕೆ ತಯಾರಕರಿಗೆ ವೇಷಭೂಷಣದ ನಕ್ಷೆ ಬಿಡುಗಡೆಗೆ ವರ್ಷದ ಮೊದಲೇ ಬೇಕು. ಕಥೆಯ ಗುಟ್ಟು ಎಷ್ಟೋ ಸಲ ಸೋರುವುದು ಇಲ್ಲಿಂದಲೇ, ಹಾಗಾಗಿ ಕ್ಲೈಮ್ಯಾಕ್ಸಿನ ವೇಷಗಳನ್ನು ಬಿಡುಗಡೆಯ ನಂತರ ಬರುವ ಎರಡನೇ ಕಂತಿನ ಆಟಿಕೆಗಳಿಗೆ ಮೀಸಲಿಡಿ.

ಟ್ರೇಲರಿನಲ್ಲಿ ಹೊಸಬನಿಗೂ ಅರ್ಥವಾಗುವ ಒಂದು ಪ್ರಶ್ನೆ ಇರಲಿ. 2023ರ 'ದಿ ಮಾರ್ವೆಲ್ಸ್' ಚಿತ್ರದ ಮೂವರು ನಾಯಕಿಯರಲ್ಲಿ ಇಬ್ಬರ ಶಕ್ತಿಯ ಕಥೆ ನಡೆದದ್ದು ಓಟಿಟಿ ಸರಣಿಗಳಲ್ಲಿ. ಅದನ್ನು ನೋಡದವರು ಹೊರಗೇ ಉಳಿದರು. ಆ ಸಿನಿಮಾ ಮಾರ್ವೆಲ್ ಸ್ಟುಡಿಯೋಸ್ ಸರಣಿಯಲ್ಲೇ ಅತಿ ಕಡಿಮೆ ಗಳಿಸಿತು. ಮರುವರ್ಷ ಡಿಸ್ನಿ ಹಾಕಿಕೊಂಡ ಮಿತಿ: ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಸಿನಿಮಾ.