ಕೇಸು ಮುಗೀತು ಅಂದುಕೊಳ್ಳುವ ಮುನ್ನ: ಅಮೆರಿಕಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ

ಬಂದ ಹೊಸದರಲ್ಲಿ ಎಲ್ಲರೂ ಕೇಳುವುದು ಡ್ರೈವಿಂಗ್ ಲೈಸೆನ್ಸ್, ಮಕ್ಕಳ ಸ್ಕೂಲು, ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅನ್ನುವುದನ್ನು. ಪೊಲೀಸ್ ಕೇಸಿನ ಬಗ್ಗೆ ಯಾರೂ ಕೇಳುವುದಿಲ್ಲ. ಅದು ನಮಗ್ಯಾಕೆ ಅನ್ನಿಸಿರುತ್ತದೆ. ಕೊನೆಗೆ ಕೇಳುವ ಹೊತ್ತಿಗೆ ಕಾಗದಕ್ಕೆ ಸಹಿ ಬಿದ್ದಿರುತ್ತದೆ. ನಾವು ವಕೀಲರಲ್ಲ, ಕೂಟದ ಸ್ವಯಂಸೇವಕರು. ವಕೀಲರ ಹತ್ತಿರ ಹೋಗುವ ಮುಂಚೆ ತಿಳಿದಿರಬೇಕಾದಷ್ಟನ್ನು ಮಾತ್ರ ಇಲ್ಲಿ ಬರೆದಿದ್ದೇವೆ.

ದೊಡ್ಡ ಅಂಗಡಿಯ ಸೆಲ್ಫ್ ಚೆಕೌಟ್ ನೆನೆಸಿಕೊಳ್ಳಿ. ಗಾಡಿ ತುಂಬ ಸಾಮಾನು, ಪಕ್ಕದಲ್ಲಿ ಅಳುವ ಮಗು. ಗಾಡಿಯ ಕೆಳಗಿಟ್ಟಿದ್ದ ಎರಡು ಪೊಟ್ಟಣ ಸ್ಕ್ಯಾನ್ ಆಗಿಲ್ಲ. ಬಾಗಿಲಲ್ಲಿ ತಡೆದು ಒಳಗಿನ ಸಣ್ಣ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. "ಸಾರಿ, ತಪ್ಪಾಯ್ತು, ದುಡ್ಡು ಕೊಟ್ಬಿಡ್ತೀನಿ" ಅನ್ನುವುದು ನಮ್ಮ ಬಾಯಿಗೆ ತಾನಾಗಿ ಬರುವ ಮಾತು. ವರದಿಯಲ್ಲಿ ಅದೇ ತಪ್ಪೊಪ್ಪಿಗೆಯಾಗಿ ಕೂರಬಹುದು. ಹೆಸರು ಹೇಳಿ, ಗುರುತಿನ ಚೀಟಿ ತೋರಿಸಿ. ಸುಳ್ಳು ಹೇಳಬೇಡಿ, ಓಡಬೇಡಿ. ಉಳಿದದ್ದಕ್ಕೆ "ವಕೀಲರ ಜೊತೆ ಮಾತಾಡಿದ ಮೇಲೆ ಹೇಳುತ್ತೇನೆ" ಅಂದರೆ ಸಾಕು. ಹೀಗೆ ಸುಮ್ಮನಿರುವ ಹಕ್ಕು ವೀಸಾದಲ್ಲಿ ಇರುವವರಿಗೂ ಇದೆ. ಸಂವಿಧಾನದ 5ನೇ ತಿದ್ದುಪಡಿಯಲ್ಲಿರುವ ಪದ "ವ್ಯಕ್ತಿ", "ನಾಗರಿಕ" ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಲಾಂಡ್ರಿಯವರು 1886ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಯಿಕ್ ವೋ ಪ್ರಕರಣದಲ್ಲೂ 14ನೇ ತಿದ್ದುಪಡಿಯ ಇದೇ ಪದ ಕೈಹಿಡಿಯಿತು.

ನಿಜವಾದ ಗುಂಡಿ ಇರುವುದು ಕೋರ್ಟಿನಲ್ಲಿ. ಮೊದಲ ವಾಯಿದೆಯ ದಿನವೇ ಪ್ರಾಸಿಕ್ಯೂಟರ್ ಕಡೆಯಿಂದ ಮಾತು ಬರಬಹುದು: ಒಪ್ಪಿಕೊಳ್ಳಿ, ಸ್ವಲ್ಪ ದಂಡ ಕಟ್ಟಿ, ಇವತ್ತೇ ಮನೆಗೆ ಹೋಗಿ. ಮರ್ಯಾದೆಗೆ ಅಂಜುವ ನಾವು "ಸದ್ಯ ಮುಗೀತಲ್ಲ" ಅಂತ ಸಹಿ ಹಾಕುತ್ತೇವೆ. ಊರಲ್ಲಿ ಠಾಣೆಯಲ್ಲೇ ರಾಜಿ ಮಾಡಿ ಬರುವ ರೂಢಿ ಬೇರೆ, ಅಲ್ವಾ? ಇಲ್ಲಿ ಆ ಸಹಿಯಿಂದ ಇನ್ನೊಂದು ಕೇಸು ಶುರುವಾಗಬಹುದು. 1996ರ ಕಾನೂನಿನ ಪ್ರಕಾರ, ತಪ್ಪೊಪ್ಪಿಕೊಂಡು ಯಾವುದಾದರೂ ಶಿಕ್ಷೆಯೋ ನಿರ್ಬಂಧವೋ ಬಿದ್ದರೆ ಇಮಿಗ್ರೇಷನ್ ಲೆಕ್ಕದಲ್ಲಿ ಅದು ಶಿಕ್ಷೆಯಾದ ಅಪರಾಧವೇ. "ನೋ ಕಾಂಟೆಸ್ಟ್", ಅಂದರೆ ತಪ್ಪು ಒಪ್ಪುವುದೂ ಇಲ್ಲ, ವಾದಿಸುವುದೂ ಇಲ್ಲ ಅಂದರೂ ಅಷ್ಟೇ. ಜೈಲು ಶಿಕ್ಷೆಯನ್ನು ಅಮಾನತಿನಲ್ಲಿಟ್ಟರೂ ಪೂರ್ತಿ ಅವಧಿ ಲೆಕ್ಕಕ್ಕೆ ಬರುತ್ತದೆ. ಒಂದಿಷ್ಟು ಕಾಲದ ನಂತರ ರಾಜ್ಯದ ಕೋರ್ಟು ದಾಖಲೆ ಅಳಿಸಿಹಾಕಿದರೂ ಇಮಿಗ್ರೇಷನ್‌ನವರು ಸಾಮಾನ್ಯವಾಗಿ ಅದನ್ನು ಮರೆಯುವುದಿಲ್ಲ.

ಕಳ್ಳತನವನ್ನು ಸಾಮಾನ್ಯವಾಗಿ "ನೈತಿಕ ಅಧಃಪತನ"ದ ಅಪರಾಧ ಅಂತ ನೋಡುತ್ತಾರೆ. ದೇಶಕ್ಕೆ ಬಂದ 5 ವರ್ಷದೊಳಗೆ ಅಂಥ ಅಪರಾಧ ನಡೆದು, ಅದಕ್ಕೆ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲು ಕೊಡುವ ಅವಕಾಶ ಇದ್ದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡಿಪಾರು ಮಾಡಬಹುದು. ನಿಮಗೆ ಕೊಟ್ಟದ್ದು ಎಷ್ಟು ಅನ್ನುವುದಲ್ಲ, ಕೊಡಬಹುದಾಗಿದ್ದದ್ದು ಎಷ್ಟು ಅನ್ನುವುದೇ ಪ್ರಶ್ನೆ. ಅದಕ್ಕೇ ಕ್ಯಾಲಿಫೋರ್ನಿಯಾ 2015ರಿಂದ, ನ್ಯೂಯಾರ್ಕ್ 2019ರಲ್ಲಿ ಸಣ್ಣ ಅಪರಾಧಗಳ ಗರಿಷ್ಠ ಶಿಕ್ಷೆಯನ್ನು 364 ದಿನಕ್ಕೆ ಇಳಿಸಿದವು. ಒಂದೇ ಒಂದು ದಿನದ ಮೇಲೆ ಒಂದು ಸಂಸಾರ ನಿಂತಿರುತ್ತದೆ.

ಹಾಗಾಗಿ ಸಹಿಗೆ ಮುಂಚೆ ವಕೀಲರನ್ನು ಕೇಳಿ: "ಇದನ್ನು ಒಪ್ಪಿಕೊಂಡರೆ ನನ್ನ ವೀಸಾ, ಗ್ರೀನ್ ಕಾರ್ಡ್ ಏನಾಗುತ್ತೆ?" ಉತ್ತರ ಹೇಳುವುದು ಅವರ ಕರ್ತವ್ಯ. 2010ರಲ್ಲಿ ಪಡೀಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೇ ಹೇಳಿತು. ಪಡೀಯಾ ನಲವತ್ತು ವರ್ಷ ಇಲ್ಲಿದ್ದವರು, ವಿಯೆಟ್ನಾಂ ಯುದ್ಧದಲ್ಲಿ ಸೈನ್ಯದಲ್ಲಿದ್ದವರು. ಇಷ್ಟು ವರ್ಷ ಇದ್ದೀರಿ, ಚಿಂತೆ ಬೇಡ ಅಂತ ಅವರ ವಕೀಲರು ಹೇಳಿದ್ದರು. ಆ ಮಾತು ನಂಬಿ ಕೆಟ್ಟರು. ಕ್ರಿಮಿನಲ್ ವಕೀಲರಿಗೆ ಇಮಿಗ್ರೇಷನ್ ಕಾನೂನು ಗೊತ್ತಿಲ್ಲದಿದ್ದರೆ, ಗೊತ್ತಿರುವ ಇನ್ನೊಬ್ಬರನ್ನು ಹಿಡಿಯಿರಿ. ಇಬ್ಬರೂ ಒಟ್ಟಿಗೆ ಮಾತಾಡಲಿ. ಖರ್ಚು ಜಾಸ್ತಿ, ಹೌದು. ಆದರೂ ಇದರಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ.

ಗಂಡ ಹೆಂಡತಿ ಜಗಳದ ಮಾತು ಬರೆಯಲು ಮುಜುಗರ, ಆದರೂ ಬರೆಯಬೇಕು. ಹೊಡೆತ ಬಿದ್ದರೆ 911ಕ್ಕೆ ಕರೆ ಮಾಡುವುದು ತಪ್ಪಲ್ಲ. ವೀಸಾ ಗಂಡನ ಹೆಸರಲ್ಲಿದೆ ಅಂತ ಸಹಿಸಿಕೊಂಡು ಕೂರಬೇಡಿ, ಹಿಂಸೆಗೆ ಒಳಗಾದವರಿಗೆ ಬೇರೆ ದಾರಿಗಳಿವೆ. ಆದರೆ ಒಮ್ಮೆ ಕೇಸು ದಾಖಲಾದರೆ "ನಾವು ರಾಜಿ ಆದ್ವಿ" ಅಂದಮಾತ್ರಕ್ಕೆ ಬಿಡುವುದಿಲ್ಲ. ಮುಂದುವರಿಸುವುದು, ಬಿಡುವುದು ಪ್ರಾಸಿಕ್ಯೂಟರ್ ಕೈಲಿದೆ. ಹತ್ತಿರ ಹೋಗಬೇಡಿ, ಸಂಪರ್ಕಿಸಬೇಡಿ ಅಂತ ಕೋರ್ಟು ಆದೇಶ ಕೊಟ್ಟಿದ್ದರೆ ಅದು ಅಕ್ಷರಶಃ. "ಊಟ ಆಯ್ತಾ?" ಅಂತ ಒಂದು ವಾಟ್ಸಾಪ್ ಮೆಸೇಜ್ ಕೂಡ ಉಲ್ಲಂಘನೆ ಆಗಬಹುದು. ರಕ್ಷಣಾ ಆದೇಶ ಮೀರಿದ್ದೇ ಗಡಿಪಾರಿಗೆ ಪ್ರತ್ಯೇಕ ಕಾರಣ ಆಗಬಹುದು.

ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರೆ ತೀರ್ಪಿನವರೆಗೂ ಕಾಯದೆ, ಬಂಧನದ ಮೇಲೇ ವೀಸಾ ರದ್ದಾಗಬಹುದು. ಕೇಸು ಬಾಕಿ ಇರುವಾಗ ಮದುವೆ, ಮುಂಜಿ ಅಂತ ಊರಿಗೆ ಹೊರಡುವ ಮುಂಚೆ ವಕೀಲರನ್ನು ಕೇಳಿ. ವಾಪಸ್ ಬರಲು ಆಗದೆ ಹೋಗಬಹುದು. ಗಾಂಜಾ ಕೆಲವು ರಾಜ್ಯಗಳಲ್ಲಿ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಇಮಿಗ್ರೇಷನ್ ನಡೆಯುವುದು ಫೆಡರಲ್ (ಕೇಂದ್ರ ಸರ್ಕಾರದ) ಕಾನೂನಿನ ಮೇಲೆ, ಅದರಲ್ಲಿ ಗಾಂಜಾ ಇನ್ನೂ ಅಪರಾಧ. ಮುಟ್ಟಬೇಡಿ.

ಇನ್ನು ಗಡಿಪಾರಿನ ಕೇಸು. ಅದು "ನೋಟಿಸ್ ಟು ಅಪಿಯರ್" ಎಂಬ ಕಾಗದದಿಂದ ಶುರುವಾಗುತ್ತದೆ. ಕ್ರಿಮಿನಲ್ ಕೋರ್ಟಿನಲ್ಲಿ, ಜೈಲಾಗಬಹುದಾದ ಕೇಸಿದ್ದು ಕೈಯಲ್ಲಿ ದುಡ್ಡಿಲ್ಲದಿದ್ದರೆ, ಸರ್ಕಾರವೇ ವಕೀಲರನ್ನು ಕೊಡುತ್ತದೆ. ಇಮಿಗ್ರೇಷನ್ ಕೋರ್ಟಿನಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ, ಫೀಸು ಮಾತ್ರ ನಿಮ್ಮದೇ. ವೀಸಾ ಮೇಲೆ ಸರಿಯಾಗಿ ಬಂದವರನ್ನು ಹೊರಹಾಕಲು ಕಾರಣವನ್ನು ಸರ್ಕಾರವೇ ಸ್ಪಷ್ಟ ಸಾಕ್ಷ್ಯದಿಂದ ತೋರಿಸಬೇಕು. ಆದ್ದರಿಂದ "ಸ್ವಂತ ಇಚ್ಛೆಯಿಂದ ಹೋಗುತ್ತೇನೆ" ಅನ್ನುವ ಕಾಗದ ಮುಂದಿಟ್ಟರೆ ಓದದೆ, ಕೇಳದೆ ಸಹಿ ಹಾಕಬೇಡಿ. ವಾಯಿದೆ ತಪ್ಪಿಸಿದರೆ ನೀವಿಲ್ಲದೆಯೇ ಗಡಿಪಾರಿನ ಆದೇಶ ಬರಬಹುದು. ಬಾಡಿಗೆ ಮನೆ ಬದಲಾಯಿಸಿದಾಗ ಇಮಿಗ್ರೇಷನ್ ಇಲಾಖೆಗೆ 10 ದಿನದೊಳಗೆ ವಿಳಾಸ ತಿಳಿಸಿ. ಕೇಸಿದ್ದರೆ ಇಮಿಗ್ರೇಷನ್ ಕೋರ್ಟಿಗೂ ಬೇರೆಯಾಗಿ ತಿಳಿಸಬೇಕು. ನೋಟಿಸು ಹಳೇ ಮನೆಯ ಅಂಚೆ ಡಬ್ಬಿಯಲ್ಲಿ ಬಿದ್ದಿದ್ದರೆ ಜಡ್ಜ್ ಮುಂದೆ ಅದನ್ನು ವಿವರಿಸುವುದು ಬಹಳ ಕಷ್ಟ.

ಬಂಧನವಾದರೆ ಭಾರತೀಯ ಕಾನ್ಸುಲೇಟಿಗೆ ತಿಳಿಸಿ ಅಂತ ನೀವೇ ಕೇಳಬಹುದು. 1963ರ ವಿಯೆನ್ನಾ ಒಪ್ಪಂದದಲ್ಲಿ ಇದಕ್ಕೆ ಅವಕಾಶ ಇದೆ. ಅವರು ಬಿಡಿಸಿಕೊಂಡು ಬರುವುದಿಲ್ಲ, ಮನೆಯವರಿಗೆ ಸುದ್ದಿ ಮುಟ್ಟಿಸಲು ನೆರವಾಗಬಹುದು.

ಕೇಸು ವಜಾ ಆದರೂ ಕೋರ್ಟಿನ ಮೊಹರಿರುವ ಪ್ರತಿ ತೆಗೆದುಕೊಂಡು ಪಾಸ್‌ಪೋರ್ಟ್ ಜೊತೆಗೇ ಇಡಿ. ಎಷ್ಟೋ ವರ್ಷದ ಮೇಲೆ ಸಿಟಿಜನ್‌ಶಿಪ್ ಅರ್ಜಿಯಲ್ಲೂ ಅದನ್ನು ಕೇಳುತ್ತಾರೆ. ಇವತ್ತು ರಾತ್ರಿ ಇನ್ನೊಂದು ಕೆಲಸ ಮಾಡಿ: ಎರಡು ಫೋನ್ ನಂಬರ್ (ಒಬ್ಬ ವಕೀಲರದ್ದು, ಒಬ್ಬ ಆಪ್ತರದ್ದು) ಮತ್ತು, ಇದ್ದರೆ, ನಿಮ್ಮ ಎ-ನಂಬರ್ (ಇಮಿಗ್ರೇಷನ್ ಇಲಾಖೆ ಕೊಡುವ ಗುರುತಿನ ಸಂಖ್ಯೆ) ಒಂದು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಡಿ, ಅವರ ನಂಬರ್ ನೀವು ಬಾಯಿಪಾಠ ಮಾಡಿಕೊಳ್ಳಿ. ಹಿಡಿದವರು ಮೊದಲು ತೆಗೆದುಕೊಳ್ಳುವುದು ಮೊಬೈಲನ್ನೇ. ಹೆಂಡತಿಯ ನಂಬರ್ ಬಾಯಿಪಾಠ ಇರುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ, ಹೇಳಿ?