ಹಾಳೆಯ ನಾರು ನೋಡಿ ಮಡಚಿ: ಮನೆಯಲ್ಲೇ ಪುಟ್ಟ ನೋಟ್‌ಬುಕ್, ಕಾರ್ಡು, ಕಡತ

ವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ನಮ್ಮ ಮನೆಯಲ್ಲಿ ಒಂದು ಕೆಲಸ ಶುರುವಾಗುತ್ತಿತ್ತು. ಹಳೆ ನೋಟ್‌ಬುಕ್‌ಗಳಲ್ಲಿ ಉಳಿದ ಖಾಲಿ ಹಾಳೆಗಳನ್ನೆಲ್ಲ ಬಿಡಿಸಿ ಒಟ್ಟು ಮಾಡುವುದು. ಗೋಣಿಚೀಲ ಹೊಲಿಯುವ ದಬ್ಬಣದಲ್ಲಿ ಅಮ್ಮ ಅದನ್ನು ಹೊಲಿದು ಕೊಡುತ್ತಿದ್ದರು. ಮುಂದಿನ ವರ್ಷದ ರಫ್ ನೋಟ್ ಅದೇ. ಮಧ್ಯದ ಮಡಿಕೆಯಲ್ಲಿ ಹೊಲಿದಿದ್ದರಿಂದ ಎಲ್ಲಿ ತೆರೆದರೂ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುತ್ತಿತ್ತು. ಬರೆಯಲು ಅದಕ್ಕಿಂತ ಹಿತವಾದ ಪುಸ್ತಕ ನನಗೆ ಇವತ್ತಿಗೂ ಸಿಕ್ಕಿಲ್ಲ.

ದೊಡ್ಡವಳಾದ ಮೇಲೆ ನಾನೇ ಒಂದು ಹೊಲಿಯಲು ಕೂತೆ. ಎ4 ಹಾಳೆಗಳನ್ನು ಅರ್ಧಕ್ಕೆ ಮಡಚಿ, ಅಚ್ಚುಕಟ್ಟಾಗಿ ಹೊಲಿದೆ. ಆದರೆ ಆ ಪುಸ್ತಕ ಮುಚ್ಚಿಕೊಳ್ಳಲೇ ಇಲ್ಲ. ಎರಡು ದಿನ ಭಾರ ಇಟ್ಟು ತೆಗೆದರೂ ಬಾಯಿ ಬಿಟ್ಟುಕೊಂಡೇ ನಿಂತಿತು. ಹೊಲಿಗೆಯಲ್ಲಿ ತಪ್ಪಿರಲಿಲ್ಲ. ನಾನು ಹಾಳೆಯನ್ನು ಅದರ ನಾರಿಗೆ ಅಡ್ಡವಾಗಿ ಮಡಚಿದ್ದೆ.

ಮೊದಲು ನಾರು ಗುರುತಿಸಿ

ಕಾಗದಕ್ಕೂ ನಾರು ಇದೆ. ಮಿಲ್ಲಿನಲ್ಲಿ ತಿರುಳು ಓಡುವ ಜಾಲರಿಯ ಮೇಲೆ ಹರಿಯುವಾಗ ನಾರುಗಳು ಹೆಚ್ಚಾಗಿ ಅದು ಓಡುವ ದಿಕ್ಕಿಗೇ ತಿರುಗಿ ಮಲಗುತ್ತವೆ. ನಾರಿನ ಉದ್ದಕ್ಕೆ ಮಡಚಿದರೆ ಮಡಿಕೆ ಚೂಪಾಗಿ ಕೂರುತ್ತದೆ. ಅಡ್ಡಕ್ಕೆ ಮಡಚಿದರೆ ಹಾಳೆ ಮತ್ತೆ ಎದ್ದೇಳುತ್ತದೆ. ದಪ್ಪ ಕಾಗದವಾದರೆ ಮಡಿಕೆಯ ಮೇಲೆ ಸಿಬಿರು ಸಿಬಿರಾಗಿ ಒಡೆಯುತ್ತದೆ.

ಹಳೆ ದಿನಪತ್ರಿಕೆಯ ಒಂದು ಹಾಳೆ ತೆಗೆದುಕೊಂಡು ಮೇಲಿನಿಂದ ಕೆಳಕ್ಕೆ ಹರಿದು ನೋಡಿ. ಬಾಳೆ ಎಲೆ ಸೀಳಿದ ಹಾಗೆ ನೇರವಾಗಿ ಬರುತ್ತದೆ. ಈಗ ಎಡದಿಂದ ಬಲಕ್ಕೆ ಹರಿಯಿರಿ. ಸೊಟ್ಟಪಟ್ಟ ಹೋಗುತ್ತದೆ, ಅಲ್ವಾ? ನೇರವಾಗಿ ಹರಿದ ಕಡೆಗೇ ನಾರು ಓಡುತ್ತಿದೆ. ಒಳ್ಳೆಯ ಹಾಳೆಯನ್ನು ಹರಿಯಲು ಮನಸ್ಸು ಬಾರದಿದ್ದರೆ ಎರಡು ಅಂಚು ಹಿಡಿದು, ಮಡಚದೆ ಸುಮ್ನೆ ಬಾಗಿಸಿ. ಯಾವ ಕಡೆಗೆ ಸಲೀಸಾಗಿ ಬಾಗುತ್ತದೋ ಆ ಬಾಗಿನ ಉದ್ದಕ್ಕೆ ನಾರು ಇರುತ್ತದೆ.

ಜೆರಾಕ್ಸ್ ಅಂಗಡಿಯ ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದನೆಯ ಅಂಚಿನ ಜೊತೆ ಹೋಗುತ್ತದೆ. ಅದಕ್ಕೇ ಎ4 ಅನ್ನು ಅರ್ಧಕ್ಕೆ ಮಡಚಿದರೆ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ. ನನ್ನ ಮೊದಲ ಪುಸ್ತಕ ಕೆಟ್ಟಿದ್ದು ಹೀಗೆ. ಅದೇ ಹಾಳೆಯನ್ನು ಮೊದಲು ಅಡ್ಡಕ್ಕೆ ಎರಡು ತುಂಡು ಮಾಡಿ, ಆಮೇಲೆ ಒಂದೊಂದು ತುಂಡನ್ನೂ ಮಡಚಿದರೆ ಮಡಿಕೆ ನಾರಿನ ಜೊತೆಗೇ ಹೋಗುತ್ತದೆ. ಹಾಗಾಗಿ ಜೇಬಿಗೆ ಹಿಡಿಸುವ ಚಿಕ್ಕ ಪುಸ್ತಕವೇ ಮೊದಲ ಪ್ರಯತ್ನಕ್ಕೆ ಸರಿ.

ಜೇಬಿನ ನೋಟ್‌ಬುಕ್

80 ಜಿಎಸ್‌ಎಂನ 4 ಎ4 ಹಾಳೆ ಸಾಕು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. 16 ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಅಂದರೆ ಒಂದು ಹಾಳೆ 5 ಗ್ರಾಂ, ನಿಮ್ಮ ಪುಸ್ತಕದ ಕಾಗದವೆಲ್ಲ ಸೇರಿ 20 ಗ್ರಾಂ.

ಉದ್ದ 29.7 ಸೆಂ.ಮೀ. ಇರುವ ಕಡೆ ಸರಿಯಾಗಿ ಮಧ್ಯಕ್ಕೆ ಕತ್ತರಿಸಿ. 8 ತುಂಡು ಸಿಗುತ್ತವೆ. ಒಂದೊಂದನ್ನೂ ಬೇರೆ ಬೇರೆ ಮಡಚಿ. ಎಂಟನ್ನೂ ಒಟ್ಟಿಗೆ ಮಡಚಲು ಹೋಗಬೇಡಿ, ಒಳಗಿನ ಹಾಳೆಗಳು ಜಾರುತ್ತವೆ. ಅಂಚಿಗೆ ಅಂಚು ಕೂಡಿಸಿ, ಮಡಿಕೆಯ ಮಧ್ಯದಲ್ಲಿ ಬೆರಳಿಟ್ಟು ಎರಡೂ ಕಡೆಗೆ ಒತ್ತುತ್ತಾ ಹೋಗಿ. ಆಮೇಲೆ ಸ್ಟೀಲ್ ಚಮಚದ ಬೆನ್ನಿನಿಂದ ಒಮ್ಮೆ ಗಟ್ಟಿಯಾಗಿ ಉಜ್ಜಿ. ಎಂಟನ್ನೂ ಒಂದರೊಳಗೊಂದು ಸೇರಿಸಿದರೆ 32 ಪುಟ.

ಹೊದಿಕೆಗೆ ಹಳೆಯ ಲಗ್ನಪತ್ರಿಕೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಪ್ರತಿ ಮನೆಯಲ್ಲೂ ಒಂದು ಕಟ್ಟು ಬಿದ್ದಿರುತ್ತದೆ. ದೇವರ ಚಿತ್ರ ಇದೆ ಅಂತ ಬಿಸಾಡಲೂ ಆಗದು. ಮೂಲೆಯಲ್ಲಿ ಹಚ್ಚಿದ ಅರಿಶಿನ ಹಾಗೇ ಉಳಿದಿರುತ್ತದೆ. ಅದನ್ನು ಕತ್ತರಿಸಿ ತೆಗೆಯಬೇಡಿ, ಪುಸ್ತಕಕ್ಕೆ ಅದೇ ಚೆಂದ. ಪತ್ರಿಕೆಯಲ್ಲಿ ಮೊದಲೇ ಇರುವ ಮಡಿಕೆಯನ್ನೇ ಪುಸ್ತಕದ ಬೆನ್ನು ಮಾಡಿಕೊಳ್ಳಿ. ಅಲ್ಲಿಂದ ಎರಡೂ ಕಡೆ 10.5 ಸೆಂ.ಮೀ. ಅಳೆದು, ಎತ್ತರ 14.8 ಸೆಂ.ಮೀ.ಗೆ ಕತ್ತರಿಸಿ.

ಈಗ ತೂತು. ಹಾಳೆಗಳನ್ನು ಹೊದಿಕೆಯೊಳಗೆ ಸೇರಿಸಿ, ಪುಸ್ತಕವನ್ನು ಮಧ್ಯಕ್ಕೆ ತೆರೆದು, ಮಡಚಿದ ದಪ್ಪ ಟವೆಲಿನ ಮೇಲಿಡಿ. ಮಡಿಕೆಯ ನಟ್ಟನಡುವೆ ಒಂದು ಗುರುತು, ಮೇಲೆ ಕೆಳಗೆ ಅಂಚಿನಿಂದ 2.5 ಸೆಂ.ಮೀ. ಒಳಗೆ ಒಂದೊಂದು. ಈ ಮೂರು ಕಡೆ ದಬ್ಬಣವನ್ನು ನೆಟ್ಟಗೆ ಇಳಿಸಿ. ತುದಿ ಮಾತ್ರ ಹೊಕ್ಕರೆ ಸಾಕು. ದಬ್ಬಣ ಪೂರ್ತಿ ತೂರಿದರೆ ತೂತು ದೊಡ್ಡದಾಗಿ ದಾರ ಸಡಿಲವಾಗುತ್ತದೆ.

ದಾರ 40 ಸೆಂ.ಮೀ. ಬೇಕು. ಕೌದಿ ಹೊಲಿಯುವ ದಪ್ಪ ಹತ್ತಿ ದಾರ ಸಿಕ್ಕರೆ ತುಂಬ ಒಳ್ಳೆಯದು. ಅದನ್ನು ಮೇಣದಬತ್ತಿಯ ಮೇಲೆ ಎರಡು ಸಲ ಎಳೆಯಿರಿ. ಗಂಟು ಜಾರುವುದಿಲ್ಲ, ದಾರ ಸಿಕ್ಕಾಗುವುದಿಲ್ಲ.

ಹೊಲಿಗೆ ಪುಸ್ತಕದ ಒಳಗಿನಿಂದ ಶುರು. ನಡುವಿನ ತೂತಿನಿಂದ ಸೂಜಿ ಹೊರಗೆ ಬರಲಿ, ಒಳಗೆ ಒಂದು ಗೇಣಿನ ಅರ್ಧದಷ್ಟು ದಾರ ಬಿಡಿ. ಬೆನ್ನಿನ ಮೇಲೆ ಹೋಗಿ ಮೇಲಿನ ತೂತಿನಿಂದ ಒಳಗೆ. ಒಳಗಡೆ ನಡುವಿನ ತೂತನ್ನು ದಾಟಿ ಸೀದಾ ಕೆಳಗಿನ ತೂತಿಗೆ, ಅಲ್ಲಿಂದ ಹೊರಗೆ. ಮತ್ತೆ ಬೆನ್ನಿನ ಮೇಲೆ ಬಂದು ನಡುವಿನ ತೂತಿನಿಂದ ಒಳಗೆ. ಈಗ ದಾರದ ಎರಡು ತುದಿಗಳೂ ಒಳಗೇ ಇವೆ. ಉದ್ದನೆಯ ಹೊಲಿಗೆಯ ಆ ಕಡೆ ಒಂದು, ಈ ಕಡೆ ಒಂದು ಇರಬೇಕು. ಹಾಗಿಲ್ಲದಿದ್ದರೆ ಸೂಜಿಯನ್ನು ಅದರಡಿ ನುಸುಳಿಸಿ. ದಾರವನ್ನು ಮಡಿಕೆಯ ಉದ್ದಕ್ಕೇ ಎಳೆದು ಬಿಗಿ ಮಾಡಿ. ಮೇಲಕ್ಕೆ ಎಳೆದರೆ ಹಾಳೆ ಹರಿಯುತ್ತದೆ. ಉದ್ದನೆಯ ಹೊಲಿಗೆಯನ್ನು ಒಳಗೆ ಸೇರಿಸಿ ಎರಡು ಗಂಟು ಹಾಕಿ, ಒಂದು ಸೆಂ.ಮೀ. ಬಿಟ್ಟು ಕತ್ತರಿಸಿ.

ಮುಚ್ಚಿದಾಗ ನಡುವಿನ ಹಾಳೆಗಳು ಹೊರಗೆ ಸ್ವಲ್ಪ ಇಣುಕುತ್ತವೆ. ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಬ್ಲೇಡಿನಲ್ಲಿ ಹಗುರವಾಗಿ ಐದಾರು ಸಲ ಎಳೆದರೆ ಅಂಚು ಒಂದೇ ಸಮ ಆಗುತ್ತದೆ. ಮಕ್ಕಳು ಮಾಡುತ್ತಿದ್ದರೆ ಈ ಒಂದು ಕೆಲಸ ದೊಡ್ಡವರದು.

ಕಾರ್ಡು

ಇದೂ ಅದೇ ಲೆಕ್ಕ. 250 ಜಿಎಸ್‌ಎಂ ಎ4 ಹಾಳೆಯನ್ನು ಎರಡು ತುಂಡು ಮಾಡಿದರೆ ಎರಡು ಕಾರ್ಡು. ದಪ್ಪ ಹಾಳೆಯ ನಾರನ್ನು ಮಾತ್ರ ಬಾಗಿಸಿ ನೋಡಿಯೇ ಕತ್ತರಿಸಿ. ಮಡಚುವ ಮೊದಲು ಸ್ಕೇಲ್ ಇಟ್ಟು, ಇಂಕ್ ಮುಗಿದ ಬಾಲ್‌ಪೆನ್ನಿನಿಂದ ಗೀರೆಳೆಯಿರಿ. ಗೀರು ಹೊರಗೆ ಬರುವಂತೆ ಮಡಚಬೇಕು.

ಒಳಗೆ ಏನಾದರೂ ಎದ್ದು ನಿಲ್ಲಬೇಕೇ? ಅದೇ ಅಳತೆಯ ಇನ್ನೊಂದು ತೆಳು ಹಾಳೆ ಮಡಚಿ, ಮಡಿಕೆಯ ಕಡೆಯಿಂದ 3 ಸೆಂ.ಮೀ. ಉದ್ದದ ಎರಡು ಸೀಳು ಹಾಕಿ, ನಡುವೆ 2 ಸೆಂ.ಮೀ. ಅಂತರ ಇರಲಿ. ಆ ಪಟ್ಟಿಯನ್ನು ಒಳಕ್ಕೆ ತಳ್ಳಿದರೆ ಮೆಟ್ಟಿಲಿನಂತೆ ನಿಲ್ಲುತ್ತದೆ. ಅದರ ಮುಂದೆ ದೀಪಾವಳಿಗೆ ಹಣತೆ, ಸಂಕ್ರಾಂತಿಗೆ ಕಬ್ಬು, ನಿಮಗೆ ಬೇಕಾದ್ದು ಅಂಟಿಸಿ. ಈ ಹಾಳೆಯನ್ನು ಕಾರ್ಡಿನೊಳಗೆ ಅಂಟಿಸುವಾಗ ಪಟ್ಟಿಯ ಹಿಂದೆ ಗೋಂದು ತಾಗಬಾರದು.

ಕಡತ

ಇವತ್ತು ಕಡತ ಅಂದರೆ ಸರ್ಕಾರಿ ಕಚೇರಿಯ ಫೈಲು. ಹಿಂದೆ ಅದು ನಿಜಕ್ಕೂ ಮಡಿಕೆಯ ಪುಸ್ತಕ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಹಿಂದೆ ಮುಂದೆ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಲೆಕ್ಕಪತ್ರ, ವ್ಯವಹಾರಗಳು ಇಂಥ ಕಡತಗಳಲ್ಲಿವೆ. ನಮ್ಮದೇ ಆದ ಈ ಪುಸ್ತಕವನ್ನು ಮಕ್ಕಳ ಕೈಯಲ್ಲಿ ಒಮ್ಮೆಯಾದರೂ ಮಾಡಿಸಬೇಕು ಅನ್ನುವುದು ನನ್ನ ಆಸೆ.

ಕಪ್ಪು ಚಾರ್ಟ್ ಹಾಳೆಯಲ್ಲಿ 64 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ನಾರು ಪಟ್ಟಿಯ ಅಗಲಕ್ಕೆ ಇರಲಿ. 8 ಸೆಂ.ಮೀ.ಗೊಂದು ಗುರುತು ಹಾಕುತ್ತಾ ಹೋದರೆ ಕೊನೆಗೆ ತಪ್ಪು ಕೂಡಿಕೊಳ್ಳುತ್ತದೆ. ಅದರ ಬದಲು ಮಧ್ಯಕ್ಕೆ ಮಡಚಿ ಬಿಡಿಸಿ. ಎರಡು ತುದಿಗಳನ್ನೂ ಆ ಮಡಿಕೆಗೆ ತಂದು ಮಡಚಿ ಬಿಡಿಸಿ. ಈಗ ಆದ ನಾಲ್ಕು ಭಾಗಗಳನ್ನೂ ಒಂದೊಂದಾಗಿ ಅರ್ಧ ಮಾಡಿ. ಎಂಟು ಮನೆಗಳಾದವು. ಮಡಿಕೆಗಳನ್ನು ಒಂದು ಒಳಗೆ, ಒಂದು ಹೊರಗೆ ತಿರುಗಿಸುತ್ತಾ ಬಂದರೆ ಸೀರೆಯ ನೆರಿಗೆಯಂತೆ ಕೂಡಿಕೊಳ್ಳುತ್ತದೆ.

8.4 ಸೆಂ.ಮೀ. ಅಗಲ, 12.4 ಸೆಂ.ಮೀ. ಎತ್ತರದ ಎರಡು ರಟ್ಟು ಕತ್ತರಿಸಿ, ಖಣದ ಬಟ್ಟೆಯ ತುಂಡು ಹೊದಿಸಿ. ಅಂಟಿಗೆ ಒಂದು ಚಮಚ ಮೈದಾವನ್ನು ಐದು ಚಮಚ ನೀರಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ಕೈಯಾಡಿಸಿ, ಆರಿಸಿ. ಬೈಂಡಿಂಗ್ ಮಾಡುವವರು ಹುಳು ಹಿಡಿಯದಿರಲಿ ಅಂತ ಇದಕ್ಕೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಅಂಟು ತೆಳ್ಳಗೆ ಹಚ್ಚಿ. ಜಾಸ್ತಿಯಾದರೆ ಕಾಗದ ಹಿಗ್ಗಿ ರಟ್ಟು ಬಾಗುತ್ತದೆ.

ಮೊದಲ ಮನೆ ಮತ್ತು ಕೊನೆಯ ಮನೆಯ ಹೊರಮೈಯನ್ನು ರಟ್ಟಿಗೆ ಅಂಟಿಸಿ. ಎರಡೂ ಬದಿ ಸೇರಿ ಬರೆಯಲು 14 ಮನೆ ಉಳಿಯುತ್ತವೆ. ಅಂಟು ಮಡಿಕೆಗಳಿಗೆ ಹತ್ತದಂತೆ ಎರಡು ತುದಿಯಲ್ಲೂ ಪ್ಲಾಸ್ಟಿಕ್ ಹಾಳೆ ಇಟ್ಟು, ಮೇಲೆ ಅಕ್ಕಿ ಡಬ್ಬ ಹೇರಿ. ರಾತ್ರಿ ಪೂರ್ತಿ ಅಲುಗಿಸಬೇಡಿ. ಬೆಳಿಗ್ಗೆ ತೆಗೆದು, ಬಿಳಿ ಬಣ್ಣದ ಪೆನ್ಸಿಲ್ ಹಿಡಿದು ಮೊದಲ ಮನೆಯಲ್ಲಿ ಹೆಸರು, ತಾರೀಖು ಬರೆಯಿರಿ.