ಗೇಟಿನಲ್ಲಿ ಒಪ್ಪಿಸಿ ಬಂದರೆ ಮುಗಿಯಲಿಲ್ಲ: ಅಮೆರಿಕದ ಪ್ರಿಸ್ಕೂಲ್ ಮತ್ತು ನಮ್ಮ ಮನೆಮಂದಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಸಣ್ಣ ಮಗುವನ್ನು ಕರೆದುಕೊಂಡು ಅಮೆರಿಕಕ್ಕೆ ಬರುವವರು ಮನೆ, ಕಾರು, ಬ್ಯಾಂಕು ಎಲ್ಲ ವಿಚಾರಿಸಿಕೊಂಡೇ ಬರುತ್ತೀರಿ. ಪ್ರಿಸ್ಕೂಲ್ ಬಗ್ಗೆ ಮಾತ್ರ ಫೀ ಎಷ್ಟು ಎಂದು ಕೇಳಿ ಸುಮ್ಮನಾಗುತ್ತೀರಿ. ಫೀ ಜಾಸ್ತಿಯೇ, ಅದು ಹಾಗಿರಲಿ.

ನಮ್ಮ ಕಡೆ ಗೇಟಿನಲ್ಲಿ ಮಗುವಿನ ಕೈ ಬಿಡಿಸಿಕೊಂಡು, "ನೀವ ನೋಡ್ಕೋರಿ ಟೀಚರ್, ಮಾತು ಕೇಳಲಿಲ್ಲಂದ್ರ ಎರಡು ಬಿಡ್ರಿ" ಎಂದು ಬರುವುದು ರೂಢಿ, ಅಲ್ವಾ? ಟೀಚರ್ ಮೇಲೆ ನಂಬಿಕೆ ಇರುವುದಕ್ಕೇ ಹಾಗೆ ಹೇಳುತ್ತೇವೆ. ಇಲ್ಲಿ ಸುಮ್ಮನೆ ಬಿಟ್ಟು ಹೋದರೆ ಇವರಿಗೆ ಆಸಕ್ತಿ ಇಲ್ಲ ಎಂದುಕೊಳ್ಳುತ್ತಾರೆ. "ಎರಡು ಬಿಡ್ರಿ" ಅಂತೂ ತಮಾಷೆಗೂ ಬೇಡ. ಮಗುವಿಗೆ ಮನೆಯಲ್ಲಿ ಹಿಂಸೆಯಾಗುತ್ತಿದೆ ಎಂಬ ಅನುಮಾನ ಬಂದರೆ ವರದಿ ಮಾಡಲೇಬೇಕೆಂದು ಟೀಚರುಗಳಿಗೆ ಕಾನೂನಿದೆ.

ಮೊದಲ ವಾರವೇ ಒಂದು ಚೀಟಿ ಬರೆದುಕೊಡಿ. ನೀರು, ಸಾಕು, ಬ್ಯಾಡ, ಉಚ್ಚಿ, ಅವ್ವ: ಮಗು ದಿನವೂ ಆಡುವ ಹತ್ತು-ಹದಿನೈದು ಮಾತು, ಇಂಗ್ಲಿಷ್ ಅಕ್ಷರದಲ್ಲಿ, ಪಕ್ಕದಲ್ಲಿ ಅರ್ಥ. ಹೇಗೆ ಮಲಗುತ್ತದೆ, ಕೈಯಿಂದ ಉಣ್ಣುತ್ತದೆಯೋ ಇಲ್ಲವೋ, ಅತ್ತರೆ ಏನು ಮಾಡಿದರೆ ಸಮಾಧಾನ, ಇದೂ ಇರಲಿ. ಮನೆಯಲ್ಲಿ ಕನ್ನಡ ಬಿಡಬೇಡಿ. ಇಂಗ್ಲಿಷನ್ನು ಮಗು ಅಲ್ಲಿ ಹೇಗಿದ್ದರೂ ಕಲಿಯುತ್ತದೆ.

ಇನ್ನು ಡಬ್ಬಿ. ಶೇಂಗಾ ಇಲ್ಲದೆ ನಮ್ಮ ಅಡುಗೆಯೇ ಇಲ್ಲ, ಆದರೆ ಬಹಳಷ್ಟು ಪ್ರಿಸ್ಕೂಲುಗಳಲ್ಲಿ ಶೇಂಗಾ ಬಾಗಿಲೊಳಗೆ ಬರುವಂತಿಲ್ಲ. ಅಲರ್ಜಿ ಇರುವ ಮಗುವಿಗೆ ಚೂರು ತಗುಲಿದರೂ ಜೀವಕ್ಕೆ ಅಪಾಯ. ಚಪಾತಿಗೆ ಸವರಿದ ಶೇಂಗಾ ಚಟ್ನಿಪುಡಿ, ಒಗ್ಗರಣೆಯ ನಾಲ್ಕು ಕಾಳು, ಹುಟ್ಟುಹಬ್ಬಕ್ಕೆ ಹಂಚಲು ತಂದ ಶೇಂಗಾ ಉಂಡಿ, ಎಲ್ಲವೂ ಇದರಲ್ಲಿ ಬಂತು. ಮೊದಲೇ ಕೇಳಿಕೊಳ್ಳಿ.

ಊರಿಂದ ಅಜ್ಜ-ಅಜ್ಜಿ ಬಂದಿದ್ದರೆ ಕರೆದುಕೊಂಡು ಹೋಗುವವರ ಪಟ್ಟಿಯಲ್ಲಿ ಅವರ ಹೆಸರು ಬರೆಸಿ. ಹೋಗುವಾಗ ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಮೊಮ್ಮಗಳು "ಅಜ್ಜಾ" ಎಂದು ಓಡಿಬಂದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಬಿಡುವುದಿಲ್ಲ. ಅವಮಾನ ಅಂದುಕೊಳ್ಳಬೇಡಿ.

ಅದೇ ಅಜ್ಜನನ್ನು ಕ್ಲಾಸಿನೊಳಗೂ ಕಳಿಸಬಹುದು. ಪೋಷಕರು ಬಂದು ಏನಾದರೂ ಮಾಡಿ ತೋರಿಸಿ ಎಂದು ಟೀಚರೇ ಕರೆಯುತ್ತಾರೆ. ನಮ್ಮವರು ದೀಪಾವಳಿ ಸ್ಲೈಡು ಹಿಡಿದು ಹೋಗುತ್ತಾರೆ, ಮೂರು ವರ್ಷದ ಮಕ್ಕಳು ಆಕಳಿಸುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆ ಜೂನ್-ಜುಲೈನಲ್ಲಿ ಬರುತ್ತದೆ, ಬೇಸಿಗೆಯಲ್ಲೂ ತೆರೆದಿರುವ ಚೈಲ್ಡ್‌ಕೇರ್‌ಗೆ ಹೇಳಿ ಮಾಡಿಸಿದ ಹಬ್ಬ. ಅಜ್ಜ ನೆಲದ ಮೇಲೆ ಕೂತು ಮಣ್ಣಿನ ಉಂಡೆಯಿಂದ ನಾಲ್ಕು ಕಾಲು ಎಳೆದು, ಡುಬ್ಬ ಏರಿಸಿ, ಕೋಡು ಚಿವುಟಿ, ಕಣ್ಣಿಗೆ ಜೋಳದ ಕಾಳು ಒತ್ತಲಿ. ಇಂಗ್ಲಿಷ್ ಬೇಕೇ ಆಗುವುದಿಲ್ಲ. ಮಣ್ಣು ಸಿಗದಿದ್ದರೆ ಅಲ್ಲಿಯ ಪ್ಲೇಡೋ, ಮಕ್ಕಳು ಆಡುವ ಬಣ್ಣದ ಮೆತ್ತನೆ ಹಿಟ್ಟು, ಸಾಕು. ದಸರೆಗೆ ಬನ್ನಿ ಕೊಡಿಸಬೇಕೆಂದರೆ ಎಲೆಯನ್ನು ಕಾಗದದಲ್ಲೇ ಕತ್ತರಿಸಿಕೊಳ್ಳಿ, ಗಿಡದ ಎಲೆಯನ್ನು ಊರಿಂದ ತಂದರೆ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಪದೇ ಪದೇ ಹೋಗಿ ನೆರವಾಗುವುದಾದರೆ ಹಿನ್ನೆಲೆ ತಪಾಸಣೆ, ಲಸಿಕೆ ದಾಖಲೆ ಕೇಳಬಹುದು. ಊರಿನ ಲಸಿಕೆ ಕಾರ್ಡು ಎಸೆಯಬೇಡಿ.

ಆದಾಯ ಕಡಿಮೆ ಇದ್ದರೆ ಹೆಡ್ ಸ್ಟಾರ್ಟ್ ವಿಚಾರಿಸಿ. 1965ರಲ್ಲಿ ಶುರುವಾದ ಸರ್ಕಾರಿ ಪ್ರಿಸ್ಕೂಲ್ ಯೋಜನೆ, ಫೀ ಇಲ್ಲ. ಅಲ್ಲಿ ಟೀಚರ್ ಮನೆಗೇ ಬರುತ್ತಾರೆ. ಮನೆ ತಪಾಸಣೆಗೆ ಬಂದರೋ ಎಂದು ಗಾಬರಿಯಾಗಬೇಡಿ, ನಮ್ಮ ಅಂಗನವಾಡಿ ಟೀಚರ್ ಓಣಿ ತುಂಬ ಮನೆಮನೆಗೆ ಹೋಗುವುದಿಲ್ಲವೇ? ಆಡಳಿತದಲ್ಲೂ ಪೋಷಕರು ಕೂರುತ್ತಾರೆ. ಅಲ್ಲಿಯ ಪಾಲಿಸಿ ಕೌನ್ಸಿಲ್‌ನಲ್ಲಿ ಬಹುಮತ ಪೋಷಕರದೇ. ಊರಲ್ಲಿ ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ಇದ್ದವರಿಗೆ ಇದು ಹೊಸದೇನಲ್ಲ.

ಮಗುವಿನ ಬಗ್ಗೆ ಮಾತಾಡಲು ಪ್ರಿಸ್ಕೂಲಿನವರು ಪೋಷಕರನ್ನು ಕರೆದಾಗ ಟೀಚರ್ ಜೊತೆ ಮಾತಿಗೆ ಸಿಗುವ ಹೊತ್ತು ಸಾಮಾನ್ಯವಾಗಿ ಕಾಲು-ಅರ್ಧ ಗಂಟೆ. ಎ ಬಿ ಸಿ ಡಿ ಎಲ್ಲಿವರೆಗೆ ಬಂತು ಎಂದು ಕೇಳಿ ಅದನ್ನು ಕಳೆಯಬೇಡಿ. ಯಾರ ಜೊತೆ ಆಡುತ್ತಾಳೆ, ಸಿಟ್ಟು ಬಂದಾಗ ಏನು ಮಾಡುತ್ತಾಳೆ ಎಂದು ಕೇಳಿ. ಇನ್ನೊಂದು ಮಗು ಕಚ್ಚಿದ್ದರೆ ಅದರ ಹೆಸರು ಕೇಳಿದರೂ ಹೇಳುವುದಿಲ್ಲ. ಮತ್ತೆ ಆಗದಂತೆ ಏನು ಮಾಡುತ್ತೀರಿ ಎಂದು ಕೇಳಿ, ಅದಕ್ಕೆ ಉತ್ತರ ಕೊಡುತ್ತಾರೆ. ಗಂಡ-ಹೆಂಡತಿ ಇಬ್ಬರೂ ಹೋಗಿ. ಒಬ್ಬರಿಗೆ ರಜೆ ಸಿಗದಿದ್ದರೆ ಫೋನಿನಲ್ಲಿ ಸೇರಿಸಿಕೊಳ್ಳಿ ಎಂದರೆ ಬೇಡ ಅನ್ನುವವರು ಕಡಿಮೆ.